ಬಂಧಶಕ್ತಿಗಳಿಂದ ಉತ್ಪತ್ತಿಯ ಉಷ್ಣವನ್ನು ಲೆಕ್ಕಿಸುವ ಕ್ರಮ



ಸ್ಮರಣಸಂಚಿಕೆಯಲ್ಲಿ ವರದಿ ಅಭಿನಂದನೆಗಳ ಜೊತೆಗೆ ಪಾಠರೂಪವಾದ ಲೇಖನವೊಂದು ಇರುವುದೂ ಉಚಿತವೆಂದು ತೋರಿದುದರಿಂದ, ರಸಾಯನಶಾಸ್ತ್ರದ ಒಂದು ಲೆಕ್ಕವನ್ನು ನಾವು ಇಲ್ಲಿ ಆರಿಸಿಕೊಂಡಿದ್ದೇವೆ. ನಮ್ಮಲ್ಲಿ ಓದಿಹೋದ ಹೆಣ್ಣುಮಕ್ಕಳು ಪದವಿಪೂರ್ವ ತರಗತಿಯನ್ನು ಸೇರಿದ ಮೇಲೆ ಎದುರಿಸುವ ಲೆಕ್ಕಗಳಲ್ಲಿ ಇದೂ ಒಂದು. ಇದರ ವಿಶೇಷವೇನೆಂದರೆ, ಕ್ರಮತಪ್ಪದೆ ಮಾಡಿದರೂ ಬಂದ ಉತ್ತರವು ಪ್ರಯೋಗದಿಂದ ಅಳೆದ ಬೆಲೆಗೆ ಅನೇಕ ವೇಳೆ ಸರಿಹೊಂದುವುದಿಲ್ಲ. ಆಗ ಕೆಲವು ಮಕ್ಕಳು ಈ ಶಾಸ್ತ್ರವು ತಮಗೆ ದಕ್ಕದೆಂದು ಎದೆಗುಂದುವರು. ಮತ್ತೆ ಕೆಲವರು ಉತ್ತರವು ಹೊಂದುವಂತೆ ನಡುವಣ ಅಂಕಿಯೊಂದನ್ನು ಮೆಲ್ಲನೆ ತಿದ್ದಿಬಿಡುವರು. ಇವೆರಡೂ ತಕ್ಕವಲ್ಲ. ಲೆಕ್ಕಕ್ಕೂ ಅಳತೆಗೂ ನಡುವೆ ಉಳಿಯುವ ಅಂತರವು ಮರೆಮಾಚತಕ್ಕ ವಸ್ತುವಲ್ಲ, ಓದತಕ್ಕ ವಸ್ತು ಎಂಬುದನ್ನು ನಾಲ್ಕು ಉದಾಹರಣೆಗಳಿಂದ ತೋರಿಸುವುದೇ ಈ ಪಾಠದ ಉದ್ದೇಶವು.

೧. ಎಣಿಕೆಯು ಎಲ್ಲಿಂದ ಮೊದಲಾಗುವುದು

ಮೂಲವಸ್ತುಗಳು ಕೂಡಿ ಒಂದು ಸಂಯುಕ್ತ ವಸ್ತುವಾಗುವಾಗ ಉಷ್ಣವು ಹೊರಬೀಳುವುದುಂಟು, ಒಳಸೇರುವುದೂ ಉಂಟು. ಒತ್ತಡವು ಬದಲಾಗದೆ ಇರುವಾಗ ಹೀಗೆ ಆಗುವ ಉಷ್ಣದ ಹೆಚ್ಚುಕಡಮೆಯನ್ನು ಎಂಥಾಲ್ಪಿಯ ಬದಲಾವಣೆಯೆಂದು ಕರೆಯುವರು. ಒಂದು ಮೋಲಿನಷ್ಟು ಸಂಯುಕ್ತ ವಸ್ತುವು ತನ್ನ ಮೂಲವಸ್ತುಗಳಿಂದ ಪ್ರಮಾಣಸ್ಥಿತಿಯಲ್ಲಿ ಉಂಟಾಗುವಾಗಿನ ಬದಲಾವಣೆಗೆ ಪ್ರಮಾಣಿತ ಉತ್ಪತ್ತಿ ಎಂಥಾಲ್ಪಿ ಎಂದು ಹೆಸರು. ನಾವು ಇದನ್ನು ಸುಲಭವಾಗಿ ‘ಉತ್ಪತ್ತಿಯ ಉಷ್ಣ’ ಎನ್ನೋಣ. ಪ್ರಮಾಣಸ್ಥಿತಿಯೆಂದರೆ ಒಂದು ಬಾರ್ ಒತ್ತಡ. ಕೋಷ್ಟಕಗಳಲ್ಲಿ ಸಾಮಾನ್ಯವಾಗಿ ೨೫ ಡಿಗ್ರಿ ಸೆಲ್ಸಿಯಸ್ ಶಾಖದ ಬೆಲೆಗಳನ್ನು ಕೊಟ್ಟಿರುವರು.

ಬೆಟ್ಟದ ಎತ್ತರವನ್ನು ಹೇಳುವಾಗ ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿಯುವೆವಷ್ಟೆ. ಅದರಂತೆಯೇ ಇಲ್ಲಿ ಮೂಲವಸ್ತುಗಳು ತಮ್ಮ ಸಹಜವಾದ ಸ್ಥಿತಿಯಲ್ಲಿರುವಾಗ ಅವುಗಳ ಉತ್ಪತ್ತಿಯ ಉಷ್ಣವನ್ನು ಸೊನ್ನೆಯೆಂದು ಒಪ್ಪಿಕೊಂಡಿದೆ. ಜಲಜನಕಕ್ಕೆ ಎರಡು ಪರಮಾಣುಗಳ ಅಣುವುಳ್ಳ ಅನಿಲವೇ ಆ ಸ್ಥಿತಿ, ಆಮ್ಲಜನಕಕ್ಕೂ ಹಾಗೆಯೇ. ಇಂಗಾಲಕ್ಕಾದರೋ, ಸೀಸದಕಡ್ಡಿಯಲ್ಲಿ ನಾವು ದಿನವೂ ಕಾಣುವ ಗ್ರಾಫೈಟ್ ಎಂಬ ಘನರೂಪವೇ ಸಮುದ್ರಮಟ್ಟವು. ಈ ಮಾತನ್ನು ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲಿಸಿಕೊಳ್ಳಬೇಕು. ಮುಂದೆ ಇದರಿಂದ ಬಹಳ ಪ್ರಯೋಜನವುಂಟು.

ಜಿನೀವಾದಲ್ಲಿ ಹುಟ್ಟಿ ರಷ್ಯಾ ದೇಶದಲ್ಲಿ ಕೆಲಸಮಾಡಿದ ಹೆಸ್ ಎಂಬ ರಸಾಯನಶಾಸ್ತ್ರಜ್ಞನು ೧೮೪೦ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದನು. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಯಾವ ದಾರಿಯಿಂದ ಹೋದರೂ ಉಷ್ಣದ ಒಟ್ಟು ಮೊತ್ತವು ಒಂದೇ ಎಂಬುದು ಅದರ ಸಾರ. ದಾರಿಯು ನಿಜವಾಗಿ ನಡೆದದ್ದಾಗಿರಲಿ, ನಾವು ಕಾಗದದ ಮೇಲೆ ಕಲ್ಪಿಸಿದ್ದಾಗಿರಲಿ, ಮೊತ್ತವು ಬದಲಾಗದು. ನಮ್ಮ ಲೆಕ್ಕಕ್ಕೆಲ್ಲ ಇದೇ ಆಧಾರ.

೨. ಬಂಧಶಕ್ತಿಯೆಂದರೇನು

ಅಣುವಿನಲ್ಲಿ ಪರಮಾಣುಗಳು ಬಂಧಗಳಿಂದ ಕೂಡಿಕೊಂಡಿರುತ್ತವೆ. ಅನಿಲರೂಪದ ಅಣುವಿನ ಒಂದು ಬಗೆಯ ಬಂಧವನ್ನು, ಮೋಲಿನ ಲೆಕ್ಕದಲ್ಲಿ, ಬಿಡಿಸಲು ಬೇಕಾಗುವ ಶಕ್ತಿಯೇ ಬಂಧಶಕ್ತಿ. ಬಂಧವನ್ನು ಮುರಿಯುವುದಕ್ಕೆ ಯಾವಾಗಲೂ ಶಕ್ತಿಯನ್ನು ಕೊಡಬೇಕು. ಬಂಧವು ಕೂಡಿಕೊಂಡಾಗ ಯಾವಾಗಲೂ ಶಕ್ತಿಯು ಹೊರಬರುವುದು. ಬಂಧದೊಳಗೆ ಶಕ್ತಿಯನ್ನು ತುಂಬಿಟ್ಟಿದೆ, ಮುರಿದೊಡನೆ ಅದು ಚಿಮ್ಮುವುದು ಎಂದು ಕೆಲವರು ತಿಳಿದಿರುವರು. ಅದು ಸರಿಯಲ್ಲ. ಸೌದೆಯು ಉರಿದು ಶಾಖ ಕೊಡುವುದು ಹಳೆಯ ಬಂಧಗಳು ಮುರಿದುದರಿಂದಲ್ಲ, ಅವುಗಳಿಗಿಂತ ಬಲವಾದ ಹೊಸ ಬಂಧಗಳು ಆದುದರಿಂದ.

ಮನೆವಾರ್ತೆಯನ್ನು ನೋಡಿಕೊಳ್ಳುವವರಿಗೆ ಜಮಾಖರ್ಚಿನ ಪುಸ್ತಕವು ಹೊಸದಲ್ಲ. ಮೂಲವಸ್ತುಗಳನ್ನು ಬಿಡಿ ಪರಮಾಣುಗಳನ್ನಾಗಿ ಮಾಡಲು ನಾವು ಕೊಡುವ ಉಷ್ಣವು ಖರ್ಚು. ಆ ಪರಮಾಣುಗಳು ಹೊಸದಾಗಿ ಕೂಡಿಕೊಂಡಾಗ ನಮಗೆ ಹಿಂದಿರುಗುವ ಉಷ್ಣವು ಜಮೆ. ಖರ್ಚಿನಿಂದ ಜಮೆಯನ್ನು ಕಳೆದರೆ ಉಳಿಯುವುದೇ ಉತ್ಪತ್ತಿಯ ಉಷ್ಣ. ಶೇಷವು ಋಣವಾದರೆ ಆ ವಸ್ತುವು ಸಮುದ್ರಮಟ್ಟಕ್ಕಿಂತ ಕೆಳಗೆ ಇಳಿದಿದೆಯೆಂದೂ, ಧನವಾದರೆ ಮೇಲಕ್ಕೆ ಏರಿದೆಯೆಂದೂ ತಿಳಿಯತಕ್ಕದ್ದು.

ನಮ್ಮ ಲೆಕ್ಕಗಳಿಗೆ ಬೇಕಾದ ಬೆಲೆಗಳು, ಮೋಲಿಗೆ ಕಿಲೋಜೂಲುಗಳಲ್ಲಿ, ಹೀಗಿವೆ:

ಜಲಜನಕ–ಜಲಜನಕ ಏಕಬಂಧ: ೪೩೬
ಆಮ್ಲಜನಕ–ಆಮ್ಲಜನಕ ದ್ವಿಬಂಧ: ೪೯೮
ಆಮ್ಲಜನಕ–ಜಲಜನಕ ಏಕಬಂಧ: ೪೬೩
ಇಂಗಾಲ–ಜಲಜನಕ ಏಕಬಂಧ: ೪೧೩
ಇಂಗಾಲ–ಇಂಗಾಲ ಏಕಬಂಧ: ೩೪೭
ಇಂಗಾಲ–ಇಂಗಾಲ ದ್ವಿಬಂಧ: ೬೧೪
ಇಂಗಾಲ–ಇಂಗಾಲ ತ್ರಿಬಂಧ: ೮೩೯
ಗ್ರಾಫೈಟನ್ನು ಬಿಡಿ ಇಂಗಾಲ ಪರಮಾಣುಗಳ ಅನಿಲವಾಗಿಸಲು: ೭೧೭

ಇವುಗಳಲ್ಲಿ ಮೊದಲನೆಯ ಎರಡು, ಒಂದೊಂದೇ ಅಣುವಿಗೆ ಸೇರಿದ ಬೆಲೆಗಳು. ಕೊನೆಯದು ಬಂಧಶಕ್ತಿಯಲ್ಲ, ಗ್ರಾಫೈಟನ್ನು ಬಿಡಿಸುವ ಖರ್ಚು. ನಡುವಣ ಐದು ಅನೇಕ ಅಣುಗಳಿಂದ ತೆಗೆದ ಸರಾಸರಿಗಳು. ಸರಾಸರಿ ಎಂಬ ಮಾತಿನಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆ.

೩. ನೀರಿನ ಹಬೆ

ಒಂದು ಮೋಲ್ ನೀರಿಗೆ ಒಂದು ಮೋಲ್ ಜಲಜನಕವೂ ಅರ್ಧ ಮೋಲ್ ಆಮ್ಲಜನಕವೂ ಬೇಕು.

ಖರ್ಚು: ಜಲಜನಕಕ್ಕೆ ೪೩೬, ಆಮ್ಲಜನಕಕ್ಕೆ ೪೯೮ರಲ್ಲಿ ಅರ್ಧ ೨೪೯; ಒಟ್ಟು ೬೮೫.
ಜಮೆ: ಆಮ್ಲಜನಕ–ಜಲಜನಕ ಬಂಧಗಳು ಎರಡು, ೪೬೩ರಂತೆ ೯೨೬.
ಶೇಷ: ಋಣ ೨೪೧.

ಪ್ರಯೋಗದಿಂದ ತಿಳಿದ ಬೆಲೆಯು ಋಣ ೨೪೧.೮. ಅಂತರವು ಒಂದು ಕಿಲೋಜೂಲನ್ನೂ ಮುಟ್ಟದು. ಆದರೆ ಪುಸ್ತಕದಲ್ಲಿ ನೀರಿಗೆ ಋಣ ೨೮೫.೮ ಎಂದು ಕಂಡ ಹುಡುಗಿಯು ತನ್ನ ಲೆಕ್ಕವು ತಪ್ಪಿತೆಂದು ತಿಳಿಯಬಾರದು. ಬಂಧಶಕ್ತಿಯ ಲೆಕ್ಕವು ಅನಿಲಕ್ಕೆ ಮಾತ್ರ ಸಲ್ಲತಕ್ಕದ್ದು. ಪುಸ್ತಕದ ಆ ಅಂಕಿಯಾದರೋ ದ್ರವರೂಪದ ನೀರಿನದು. ನಡುವಣ ೪೪ ಕಿಲೋಜೂಲು, ಹದಿನೆಂಟು ಗ್ರಾಂ ಹಬೆಯು ೨೫ ಡಿಗ್ರಿಯಲ್ಲಿ ನೀರಾಗುವಾಗ ಬಿಟ್ಟುಕೊಡುವ ಉಷ್ಣ. ಕುದಿಯುವ ಶಾಖದಲ್ಲಿ ಇದು ತುಸು ಕಡಮೆಯಾಗಿ ಸುಮಾರು ೪೧ ಆಗುವುದು. ಇಡ್ಲಿಯ ಪಾತ್ರೆಯ ಮುಚ್ಚಳವನ್ನು ಅಜಾಗರೂಕತೆಯಿಂದ ತೆಗೆದಾಗ ಕೈಗೆ ತಗುಲಿದ ಹಬೆಯು ಅಷ್ಟೇ ತೂಕದ ಕುದಿನೀರಿಗಿಂತ ಹೆಚ್ಚಾಗಿ ಸುಡುವುದು ಈ ಕಾರಣದಿಂದಲೇ. ಹೀಗೆ ಮೊದಲನೆಯ ಅಂತರವು ನಮಗೆ ಸ್ಥಿತಿಯನ್ನು ನೋಡಲು ಕಲಿಸುತ್ತದೆ.

೪. ಮೀಥೇನ್

ಸಗಣಿಯ ಅನಿಲದಲ್ಲಿ ಉರಿಯುವ ಮುಖ್ಯಭಾಗವು ಮೀಥೇನ್. ಇದರ ಅಣುವಿನಲ್ಲಿ ಒಂದು ಇಂಗಾಲಕ್ಕೆ ನಾಲ್ಕು ಜಲಜನಕಗಳು ಕೂಡಿವೆ.

ಖರ್ಚು: ಗ್ರಾಫೈಟಿಗೆ ೭೧೭, ಎರಡು ಮೋಲ್ ಜಲಜನಕಕ್ಕೆ ೮೭೨, ಒಟ್ಟು ೧೫೮೯.
ಜಮೆ: ಇಂಗಾಲ–ಜಲಜನಕ ಬಂಧಗಳು ನಾಲ್ಕು, ೪೧೩ರಂತೆ ೧೬೫೨.
ಶೇಷ: ಋಣ ೬೩.

ಇಲ್ಲಿ ಅತಿ ಸಾಮಾನ್ಯವಾಗಿ ಆಗುವ ತಪ್ಪು ಗ್ರಾಫೈಟಿನ ಖರ್ಚನ್ನು ಬಿಟ್ಟುಬಿಡುವುದು. ಹಾಗೆ ಬಿಟ್ಟರೆ ಶೇಷವು ಋಣ ೭೮೦ ಆಗಿ, ನಿಜಕ್ಕಿಂತ ಹತ್ತುಪಟ್ಟಿಗೂ ಮೇಲಾಗುವುದು. ಇಂಗಾಲದ ಸಮುದ್ರಮಟ್ಟವು ಗ್ರಾಫೈಟು, ಬಿಡಿ ಪರಮಾಣುವಲ್ಲ ಎಂದು ಮೊದಲು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಇನ್ನು ಅಳತೆಯ ಬೆಲೆಯನ್ನು ನೋಡೋಣ. ಗ್ರಾಫೈಟನ್ನೂ ಜಲಜನಕವನ್ನೂ ಬೆರೆಸಿ ಮೀಥೇನನ್ನು ನೇರವಾಗಿ ಮಾಡಿ ಉಷ್ಣವನ್ನು ಅಳೆಯುವುದು ಸುಲಭವಲ್ಲ. ಆದಕಾರಣ ಹೆಸ್ಸನ ನಿಯಮದಂತೆ ಸುತ್ತುದಾರಿಯನ್ನು ಹಿಡಿಯುವರು. ಒಂದು ಮೋಲ್ ಗ್ರಾಫೈಟ್ ಪೂರ್ಣವಾಗಿ ಉರಿದರೆ ೩೯೩.೫, ಎರಡು ಮೋಲ್ ಜಲಜನಕವು ಉರಿದು ದ್ರವರೂಪದ ನೀರಾದರೆ ೫೭೧.೬, ಒಟ್ಟು ೯೬೫.೧ ಕಿಲೋಜೂಲು ಹೊರಬೀಳುವುದು. ಒಂದು ಮೋಲ್ ಮೀಥೇನ್ ಉರಿದರೆ ೮೯೦.೩ ಮಾತ್ರ. ಕಡಮೆಯಾದ ೭೪.೮ ಕಿಲೋಜೂಲು ಮೀಥೇನ್ ಉಂಟಾದಾಗಲೇ ಹೊರಟುಹೋದದ್ದು. ಅಂದಮೇಲೆ ಉತ್ಪತ್ತಿಯ ಉಷ್ಣವು ಋಣ ೭೪.೮. ಈ ದಾರಿಯಲ್ಲಿ ಬಂಧಶಕ್ತಿಯ ಮಾತೇ ಬಂದಿಲ್ಲವೆಂಬುದನ್ನು ಗಮನಿಸಬೇಕು.

ಲೆಕ್ಕಕ್ಕೂ ಅಳತೆಗೂ ಸುಮಾರು ೧೨ ಕಿಲೋಜೂಲಿನ ಅಂತರವಿದೆ. ಇದೇಕೆ? ಮೀಥೇನಿನ ನಾಲ್ಕು ಬಂಧಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಮೊದಲನೆಯದಕ್ಕೆ ಸುಮಾರು ೪೩೯, ಎರಡನೆಯದಕ್ಕೆ ೪೬೨, ಮೂರನೆಯದಕ್ಕೆ ೪೨೪, ಕಡೆಯದಕ್ಕೆ ೩೩೮ ಕಿಲೋಜೂಲು ಬೇಕಾಗುವುದು. ಒಂದೇ ಬಗೆಯ ನಾಲ್ಕು ಬಂಧಗಳಾದರೂ ಒಂದು ಹೋದ ಮೇಲೆ ಉಳಿದವುಗಳ ಬಲವು ಬೇರೆಯಾಗುತ್ತದೆ. ಇವುಗಳ ಮೊತ್ತವು ೧೬೬೩, ಸರಾಸರಿಯು ಸುಮಾರು ೪೧೬. ನಾವು ಬಳಸಿದ ೪೧೩ ಅನೇಕ ಬಗೆಯ ಅಣುಗಳ ಸರಾಸರಿ. ಪ್ರತಿ ಬಂಧಕ್ಕೂ ಮೂರರಂತೆ ನಾಲ್ಕು ಬಂಧಗಳಿಗೆ ಹನ್ನೆರಡು. ಅಂತರದ ಲೆಕ್ಕವು ಅಲ್ಲಿಗೆ ಮುಗಿಯಿತು. ದೊಡ್ಡ ಮೊತ್ತದಿಂದ ದೊಡ್ಡ ಮೊತ್ತವನ್ನು ಕಳೆದು ಸಣ್ಣ ಶೇಷವನ್ನು ಪಡೆಯುವ ಕಡೆಯಲ್ಲೆಲ್ಲ ಇಂಥ ಅಲ್ಪ ವ್ಯತ್ಯಾಸವು ದೊಡ್ಡದಾಗಿ ಕಾಣುವುದು ಸಹಜ.

೫. ಅಸಿಟಿಲೀನ್

ಹಿಂದಿನ ಕಾಲದ ಕಾರ್ಬೈಡ್ ದೀಪಗಳಲ್ಲಿ ಉರಿದದ್ದೂ, ಈಗ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ಕಬ್ಬಿಣವನ್ನು ಬೆಸೆಯುವುದೂ ಈ ಅನಿಲವೇ. ಇದರ ಅಣುವಿನಲ್ಲಿ ಎರಡು ಇಂಗಾಲಗಳು ತ್ರಿಬಂಧದಿಂದ ಕೂಡಿದ್ದು, ಒಂದೊಂದಕ್ಕೂ ಒಂದೊಂದು ಜಲಜನಕವು ಸೇರಿದೆ.

ಖರ್ಚು: ಎರಡು ಮೋಲ್ ಇಂಗಾಲಕ್ಕೆ ೧೪೩೪, ಒಂದು ಮೋಲ್ ಜಲಜನಕಕ್ಕೆ ೪೩೬, ಒಟ್ಟು ೧೮೭೦.
ಜಮೆ: ತ್ರಿಬಂಧಕ್ಕೆ ೮೩೯, ಇಂಗಾಲ–ಜಲಜನಕ ಬಂಧಗಳೆರಡಕ್ಕೆ ೮೨೬, ಒಟ್ಟು ೧೬೬೫.
ಶೇಷ: ಧನ ೨೦೫.

ಅಳತೆಯ ಬೆಲೆಯು ಧನ ೨೨೭. ಅಂತರವು ೨೨ ಇದ್ದರೂ, ಚಿಹ್ನೆಯ ವಿಷಯದಲ್ಲಿ ಲೆಕ್ಕವು ನಿಸ್ಸಂದೇಹವಾದ ಮಾತನ್ನೇ ಆಡಿದೆ. ಈ ವಸ್ತುವು ಸಮುದ್ರಮಟ್ಟಕ್ಕಿಂತ ಬಹಳ ಮೇಲೆ ನಿಂತಿದೆ. ಎತ್ತರದಲ್ಲಿ ನಿಂತ ಬಂಡೆಯಂತೆ ಇದು ಕೆಳಗೆ ಉರುಳಬಲ್ಲದು. ಅಂದರೆ ಗಾಳಿಯ ಆಮ್ಲಜನಕದ ನೆರವಿಲ್ಲದೆಯೇ ಇಂಗಾಲವೂ ಜಲಜನಕವೂ ಆಗಿ ಒಡೆದು, ಇಪ್ಪತ್ತಾರು ಗ್ರಾಂಗೆ ೨೨೭ ಕಿಲೋಜೂಲು ಉಷ್ಣವನ್ನು ಒಮ್ಮೆಗೇ ಬಿಡಬಲ್ಲದು. ಆದಕಾರಣವೇ ಅಸಿಟಿಲೀನನ್ನು ಬರಿಯ ಅನಿಲವಾಗಿ ಸಿಲಿಂಡರಿಗೆ ಒತ್ತಿ ತುಂಬುವುದಿಲ್ಲ. ಸಿಲಿಂಡರಿನೊಳಗೆ ಸಣ್ಣ ಸಣ್ಣ ರಂಧ್ರಗಳುಳ್ಳ ಪದಾರ್ಥವನ್ನು ತುಂಬಿ, ಅದರಲ್ಲಿ ಅಸಿಟೋನ್ ಎಂಬ ದ್ರವವನ್ನು ಹೀರಿಸಿ, ಆ ದ್ರವದಲ್ಲಿ ಅನಿಲವನ್ನು ಕರಗಿಸಿಡುವರು. ಅಂಥ ಸಿಲಿಂಡರನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿಯೇ ಬಳಸಬೇಕೆಂಬ ಕಟ್ಟಳೆಯೂ, ಬೆಂಕಿಯ ಶಾಖ ತಗಲದಂತೆ ದೂರವಿಡಬೇಕೆಂಬ ಎಚ್ಚರಿಕೆಯೂ ಇದಕ್ಕೆ ಸೇರಿದುವು.

ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿರುವ ಪ್ರೋಪೇನಿಗೆ ಸುಮಾರು ಋಣ ೧೦೪, ಬ್ಯುಟೇನಿಗೆ ಸುಮಾರು ಋಣ ೧೨೬ ಉತ್ಪತ್ತಿಯ ಉಷ್ಣವುಂಟು. ಅವು ಸಮುದ್ರಮಟ್ಟದಿಂದ ಕೆಳಗಿರುವ ವಸ್ತುಗಳು. ಉರಿಯಬೇಕಾದರೆ ಗಾಳಿಯು ಬೇಕೇ ಬೇಕು. ಹೊರಗೆ ಸೋರಿ ಗಾಳಿಯೊಡನೆ ಬೆರೆತಾಗ ಅವುಗಳಿಂದಲೂ ದೊಡ್ಡ ಅಪಾಯವುಂಟೆಂಬುದು ಬೇರೆ ಮಾತು. ಎರಡು ಸಿಲಿಂಡರುಗಳೂ ಹೊರಗಿನಿಂದ ಕಬ್ಬಿಣದ ಪಾತ್ರೆಗಳೇ. ಒಳಗಿನ ಭೇದವನ್ನು ಹೇಳುವುದು ಶೇಷದ ಮುಂದಿನ ಚಿಹ್ನೆ. ‘ಚಿಹ್ನೆಯೊಂದು ತಪ್ಪಿದರೆ ಏನಾಯಿತು, ಅಂಕಿ ಸರಿಯಾಗಿದೆಯಲ್ಲ’ ಎನ್ನುವ ಮಕ್ಕಳಿಗೆ ಈ ಉದಾಹರಣೆಯನ್ನು ಹೇಳತಕ್ಕದ್ದು.

೬. ಬೆಂಜೀನ್

ಕಡೆಯ ಉದಾಹರಣೆಯೇ ಎಲ್ಲಕ್ಕಿಂತ ಸ್ವಾರಸ್ಯವಾದುದು. ಬೆಂಜೀನಿನ ಅಣುವಿನಲ್ಲಿ ಆರು ಇಂಗಾಲಗಳು ಉಂಗುರದಂತೆ ಕೂಡಿದ್ದು, ಒಂದೊಂದಕ್ಕೂ ಒಂದು ಜಲಜನಕವು ಸೇರಿದೆ. ಉಂಗುರದಲ್ಲಿ ಏಕಬಂಧವೂ ದ್ವಿಬಂಧವೂ ಒಂದು ಬಿಟ್ಟು ಒಂದರಂತೆ ಇರುವುವೆಂಬ ಚಿತ್ರವು ಜರ್ಮನಿಯ ಕೆಕುಲೆಯು ೧೮೬೫ರಲ್ಲಿ ಪ್ರಕಟಿಸಿದ ವಿಚಾರದಿಂದ ಬೆಳೆದುಬಂದದ್ದು. ಅದನ್ನೇ ನಂಬಿ ಲೆಕ್ಕಮಾಡೋಣ.

ಖರ್ಚು: ಆರು ಮೋಲ್ ಇಂಗಾಲಕ್ಕೆ ೪೩೦೨, ಮೂರು ಮೋಲ್ ಜಲಜನಕಕ್ಕೆ ೧೩೦೮, ಒಟ್ಟು ೫೬೧೦.
ಜಮೆ: ಇಂಗಾಲ–ಜಲಜನಕ ಬಂಧಗಳು ಆರಕ್ಕೆ ೨೪೭೮, ಏಕಬಂಧಗಳು ಮೂರಕ್ಕೆ ೧೦೪೧, ದ್ವಿಬಂಧಗಳು ಮೂರಕ್ಕೆ ೧೮೪೨, ಒಟ್ಟು ೫೩೬೧.
ಶೇಷ: ಧನ ೨೪೯.

ಬೆಂಜೀನಿನ ಹಬೆಗೆ ಅಳತೆಯ ಬೆಲೆಯು ಧನ ೮೩ ಮಾತ್ರ. ಅಂತರವು ೧೬೬! ಇದನ್ನು ಸರಾಸರಿಯ ತಲೆಯ ಮೇಲೆ ಹೊರಿಸಬಹುದೇ? ಮೀಥೇನಿನಲ್ಲಿ ಬಂಧವೊಂದಕ್ಕೆ ಮೂರು, ಅಸಿಟಿಲೀನಿನಲ್ಲಿ ಏಳೆಂಟು ಕಿಲೋಜೂಲಿನ ವ್ಯತ್ಯಾಸವನ್ನು ಕಂಡೆವು. ಇಲ್ಲಿರುವ ಹನ್ನೆರಡು ಬಂಧಗಳಿಗೆ ಹತ್ತರಂತೆ ಧಾರಾಳವಾಗಿ ಕೊಟ್ಟರೂ ೧೨೦ಕ್ಕಿಂತ ಹೆಚ್ಚಾಗದು. ಅಂದಮೇಲೆ ತಪ್ಪಿರುವುದು ಅಂಕಿಯಲ್ಲಿ ಅಲ್ಲ, ನಾವು ನಂಬಿದ ಚಿತ್ರದಲ್ಲಿ. ನಿಜವಾದ ಬೆಂಜೀನು ಆ ಚಿತ್ರದ ಬೆಂಜೀನಿಗಿಂತ ಬಹಳ ಸ್ಥಿರವಾದ ವಸ್ತು.

ಇದಕ್ಕೆ ಬೇರೊಂದು ದಿಕ್ಕಿನಿಂದ ಸಾಕ್ಷಿಯನ್ನು ಒದಗಿಸಿದವರು ಒಬ್ಬ ಮಹಿಳೆ ಎಂಬುದು ನಮ್ಮ ವಾಚಕರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಐರ್ಲೆಂಡಿನಲ್ಲಿ ಹುಟ್ಟಿದ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬಾಕೆಯು ೧೯೨೯ರಲ್ಲಿ, ಬೆಂಜೀನ್ ಉಂಗುರವನ್ನೊಳಗೊಂಡ ಒಂದು ವಸ್ತುವಿನ ಹರಳುಗಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿ, ಆ ಉಂಗುರವು ಚಪ್ಪಟೆಯಾಗಿದ್ದು ಸಮಭುಜದ ಷಟ್ಕೋನವಾಗಿದೆಯೆಂದು ತೋರಿಸಿದರು. ಏಕಬಂಧದ ಉದ್ದವು ಸುಮಾರು ೧೫೪ ಪೀಕೋಮೀಟರು, ದ್ವಿಬಂಧದ್ದು ಸುಮಾರು ೧೩೪. ಬೆಂಜೀನಿನಲ್ಲಾದರೋ ಆರೂ ಬಂಧಗಳು ಒಂದೇ ಸಮನಾಗಿ ಸುಮಾರು ೧೩೯ ಇವೆ. ಅಲ್ಲಿ ಏಕಬಂಧವೂ ಇಲ್ಲ, ದ್ವಿಬಂಧವೂ ಇಲ್ಲ. ಎಲೆಕ್ಟ್ರಾನುಗಳು ಉಂಗುರದಲ್ಲೆಲ್ಲ ಹರಡಿಕೊಂಡು ಆರನ್ನೂ ಸಮವಾಗಿ ಬಿಗಿದಿವೆ. ಅಮೆರಿಕೆಯ ಲೈನಸ್ ಪಾಲಿಂಗ್ ೧೯೩೦ರ ದಶಕದಲ್ಲಿ ಬಂಧಶಕ್ತಿಗಳನ್ನು ಕ್ರಮಪಡಿಸುತ್ತ ಇಂಥ ಸ್ಥಿರತೆಯ ಕಾರಣವನ್ನು ವಿವರಿಸಿದನು. ಲಾನ್ಸ್‌ಡೇಲ್ ಅವರು ೧೯೪೫ರಲ್ಲಿ, ಮಾರ್ಜೊರಿ ಸ್ಟೀಫನ್‌ಸನ್ ಅವರೊಡನೆ, ಲಂಡನ್ನಿನ ರಾಯಲ್ ಸೊಸೈಟಿಗೆ ಸದಸ್ಯರಾಗಿ ಚುನಾಯಿತರಾದರು. ೧೬೬೦ರಲ್ಲಿ ಸ್ಥಾಪಿತವಾದ ಆ ಸಂಘದಲ್ಲಿ ಸ್ತ್ರೀಯರಿಗೆ ಆ ಮನ್ನಣೆ ದೊರೆತದ್ದು ಅದೇ ಮೊದಲು.

೭. ವಿದ್ಯಾರ್ಥಿನಿಯರು ಅನುಸರಿಸತಕ್ಕ ಕ್ರಮ

ಒಂದನೆಯದಾಗಿ, ಒಂದೇ ಒಂದು ಮೋಲ್ ವಸ್ತುವು ಉಂಟಾಗುವಂತೆ ಸಮೀಕರಣವನ್ನು ಬರೆಯಬೇಕು. ಮೂಲವಸ್ತುಗಳಿಗೆ ಅರ್ಧ ಮೋಲ್ ಬಂದರೂ ಅಂಜಬಾರದು. ಎರಡನೆಯದಾಗಿ, ಪ್ರತಿಯೊಂದು ಮೂಲವಸ್ತುವೂ ತನ್ನ ಸಹಜಸ್ಥಿತಿಯಲ್ಲಿದೆಯೇ ಎಂದು ನೋಡಿ, ಇಂಗಾಲವಿದ್ದರೆ ಗ್ರಾಫೈಟಿನ ಖರ್ಚನ್ನು ಸೇರಿಸಬೇಕು. ಮೂರನೆಯದಾಗಿ, ಅಣುವಿನ ಚಿತ್ರವನ್ನು ಬರೆದು ಬಂಧಗಳನ್ನು ಬೆರಳಿಟ್ಟು ಎಣಿಸಬೇಕು. ನಾಲ್ಕನೆಯದಾಗಿ, ಖರ್ಚಿನಿಂದ ಜಮೆಯನ್ನು ಕಳೆದು ಚಿಹ್ನೆಯೊಡನೆ ಉತ್ತರವನ್ನು ಬರೆಯಬೇಕು. ಐದನೆಯದಾಗಿ, ಉತ್ತರವು ಅನಿಲರೂಪದ್ದೆಂಬುದನ್ನು ಮರೆಯಬಾರದು. ದ್ರವ ಅಥವಾ ಘನ ಬೇಕಾದರೆ ಸ್ಥಿತಿಬದಲಾವಣೆಯ ಉಷ್ಣವನ್ನು ಲೆಕ್ಕಕ್ಕೆ ತರಬೇಕು. ಕಡೆಯದಾಗಿ, ಅಳತೆಯ ಬೆಲೆಯು ದೊರೆತಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಅಂತರವನ್ನು ಸ್ಪಷ್ಟವಾಗಿ ತೋರಿಸಬೇಕು.

ಹಾಗಾದರೆ ಅಳತೆಯಿರುವಾಗ ಈ ಲೆಕ್ಕವೇಕೆಂದು ಪೋಷಕರು ಕೇಳಬಹುದು. ನಿಖರವಾದ ಬೆಲೆಯು ಬೇಕಾದಾಗ ಅಳತೆಯೇ ಮೇಲು, ಅದರಲ್ಲಿ ಸಂಶಯವಿಲ್ಲ. ಆದರೆ ಇನ್ನೂ ಯಾರೂ ಅಳೆಯದ ವಸ್ತುವು ಶಾಂತವಾಗಿರುವುದೋ ಸಿಡಿಯುವುದೋ ಎಂಬುದನ್ನು ಕೈಹಾಕುವ ಮೊದಲೇ ಸ್ಥೂಲವಾಗಿ ಊಹಿಸಲು ಈ ಲೆಕ್ಕವು ನೆರವಾಗುವುದು. ಅಳತೆಯಿರುವ ಕಡೆಯಲ್ಲಿಯೂ, ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟಾಗಲೇ ಬೆಂಜೀನಿನಂಥ ಗುಟ್ಟುಗಳು ಹೊರಬೀಳುವುವು. ಬರಿಯ ಅಳತೆಯು ೮೩ ಎಂದಷ್ಟೇ ಹೇಳುವುದು. ಬರಿಯ ಲೆಕ್ಕವು ೨೪೯ ಎನ್ನುವುದು. ಎರಡರ ನಡುವಣ ೧೬೬ರಲ್ಲಿ ಅಣುವಿನ ನಿಜಸ್ವರೂಪವಿದೆ.

ಆದ್ದರಿಂದ ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯಲ್ಲಿ ಮಗಳು ಲೆಕ್ಕವನ್ನು ಮುಗಿಸಿ ಉತ್ತರವು ಹೊಂದಲಿಲ್ಲವೆಂದಾಗ, ಸರಿಯಾಯಿತೇ ತಪ್ಪಾಯಿತೇ ಎಂದು ಮಾತ್ರ ಕೇಳದೆ, ಎಷ್ಟು ಅಂತರ ಬಂದಿತು, ಏಕೆ ಬಂದಿರಬಹುದು ಎಂದು ಕೇಳಿರಿ. ರಸಾಯನಶಾಸ್ತ್ರವನ್ನು ಓದದ ತಾಯಿಯೂ ಈ ಎರಡು ಪ್ರಶ್ನೆಗಳನ್ನು ಕೇಳಬಲ್ಲಳು. ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿರುವವರು, ಉತ್ತರವನ್ನು ಹೊಂದಿಸಲು ತಿದ್ದಿದ ಅಂಕಿಗಿಂತ ಹೊಂದದೆ ಉಳಿದ ಪ್ರಾಮಾಣಿಕವಾದ ಶೇಷಕ್ಕೆ ಹೆಚ್ಚು ಅಂಕವನ್ನು ಕೊಡಲಿ. ಮೊದಲು ತನ್ನ ಕೂಡುವಿಕೆ ಕಳೆಯುವಿಕೆಗಳನ್ನು ಪರೀಕ್ಷಿಸಿ, ಬಳಿಕ ಸ್ಥಿತಿಯನ್ನು, ಬಳಿಕ ಸರಾಸರಿಯನ್ನು, ಕಟ್ಟಕಡೆಗೆ ತಾನು ನಂಬಿದ ಚಿತ್ರವನ್ನೇ ಪ್ರಶ್ನಿಸುವ ಧೈರ್ಯವು ನಮ್ಮ ಹೆಣ್ಣುಮಕ್ಕಳಲ್ಲಿ ಬೆಳೆಯಲೆಂದು ಹಾರೈಸಿ ಈ ಪಾಠವನ್ನು ಮುಗಿಸುತ್ತೇವೆ.